ಗೋಡೆಯಾಚೆಯ ಸಾಕ್ಷಿ

ಅಬ್ಬಿಗೇರಿ,
ಜುಲೈ ೨೦೦೯

ನೆರೆಮನೆಯ ಬಾಳವ್ವನವರಿಗೆ ಸೈರಾಬಾನುವಿನ ನಮಸ್ಕಾರ.

ಬಚ್ಚಲ ನೀರಿನ ಜಗಳದಿಂದ ನಮ್ಮಲ್ಲಿ ಮಾತಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಹಜ್‌ಗೆ ಹೋಗಲು ನನಗೆ ಪಾಸ್‌ಪೋರ್ಟ್ ಬೇಕು. ನಿನ್ನೆ ಪೊಲೀಸರು ನನ್ನ ಗುರುತು ಕೇಳಲು ನಿಮ್ಮ ಬಾಗಿಲಿಗೆ ಬಂದಾಗ, ನನ್ನ ಯಾತ್ರೆ ಅಲ್ಲಿಗೇ ಮುಗಿಯಿತು ಎಂದುಕೊಂಡೆ.

“ಮಾತ ಬಿಟ್ಟೇವ್ರಿ. ಆದ್ರ ಆಕಿ ರೊಟ್ಟಿ ಬಡಿಯೂ ಸಪ್ಪಳ ಕೇಳೇ ನಾ ದಿನಾ ಏಳತೇನಿ. ಆಕೀನ ಸೈರಾಬಾನು. ಸಹಿ ಎಲ್ಲಿ ಮಾಡ್ಲಿ?” ಎಂದಿರಿ.

ಗೋಡೆಯ ಈಚೆ ನಿಂತು ನಾನು ಕೇಳಿಸಿಕೊಂಡೆ. ನನ್ನ ಕೈಸದ್ದಿನಿಂದ ಇನ್ನೊಂದು ಮನೆಗೆ ಬೆಳಗಾಗುತ್ತದೆಂದು ನನಗೆ ತಿಳಿದೇ ಇರಲಿಲ್ಲ.

ನಾನು ಹೋದ ಮೇಲೆ ಸೊಸೆ ಜಹೀದಾ ಗೋಡೆಯ ಮಗ್ಗುಲಲ್ಲೇ ರೊಟ್ಟಿ ಬಡಿಯುತ್ತಾಳೆ. ಅವಳ ಕೈ ಮೆತ್ತಗೆ. ನಿಮಗೆ ಎಚ್ಚರವಾಗದಿದ್ದರೆ ಗದರಿಸಿ ಹೇಳಿರಿ. ಬಚ್ಚಲ ನೀರಿನ ಮಾತನ್ನು ನಾನು ಮರಳಿದ ಮೇಲೆ ಎದುರೆದುರು ಕೂತೇ ಆಡೋಣ.

ಇಂತಿ,
ಸೈರಾಬಾನು