ಮೂರು ಸಲ ಹೇಳಿದ್ದಿರಂತೆ

ಅಕ್ಕನ ಮನೆ,
ಬುಧವಾರ, ಮಧ್ಯಾಹ್ನ

ಕುಳ್ಳಿಯ ಅಪ್ಪನಿಗೆ,

‘ಪ್ರೀತಿಯ’ ಎಂದು ಮೇಲೆ ಬರೆಯಲು ಹೋದೆ, ಕೈ ಏಳಲಿಲ್ಲ. ನಿಮ್ಮ ಪಾರ್ಸೆಲ್ ನಿನ್ನೆ ಬಂತು. ಮಗಳಿಗೆ ಏನೋ ಬಟ್ಟೆ ಕಳಿಸಿರಬೇಕು ಎಂದು ಅಕ್ಕ ಆಸೆಯಿಂದ ಬಿಚ್ಚಿದಳು. ಒಳಗೆ ಹೊಸ ರೆಕಾರ್ಡರ್. ಗುಂಡಿ ಒತ್ತಿದ್ದೇ ತಡ, ಟಿಂಗ್-ಟಾಂಗ್ ಎಂದು ನಿಮ್ಮ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಗಂಟೆ. ಅದರ ಬೆನ್ನಿಗೇ ನೀವು, ವಿದ್ಯಾರ್ಥಿನಿಯ ಗಮನಕ್ಕೆ, ರಸಾಯನಶಾಸ್ತ್ರ, ಮೊದಲನೆಯ ಅಧ್ಯಾಯ ಅಂತ. ಕುಳ್ಳಿ ಊಟಕ್ಕೆ ಕೂತಿದ್ದಳು. ತಟ್ಟೆ ಅಲ್ಲೇ ಬಿಟ್ಟು ಬಚ್ಚಲಿಗೆ ಓಡಿ ತಿಂದದ್ದನ್ನೆಲ್ಲ ಕಕ್ಕಿದಳು. ನಾನು ಅವಳ ಬೆನ್ನು ನೀವುತ್ತ ನಿಂತಿದ್ದೆ.

ನೀವು ಫೋನಿನಲ್ಲಿ ಹೇಳಿದ್ದನ್ನು ಭಾವ ನನಗೆ ತಿಳಿಸಿದರು. ಪರೀಕ್ಷೆಯ ದಿನ ಬೇಕಂತಲೇ ರೈಲು ತಪ್ಪಿಸಿಕೊಂಡೆ ಎಂದು ಅವಳು ಒಪ್ಪಿಕೊಳ್ಳಬೇಕಂತೆ. ಒಪ್ಪಿಕೊಂಡರೆ ಮುಂದಿನ ತಿಂಗಳ ಮರುಪರೀಕ್ಷೆಗೆ ಕೂರಿಸುತ್ತೀರಂತೆ, ಇಲ್ಲವಾದರೆ ಇನ್ನೊಂದು ವರ್ಷ ಮನೆಯಲ್ಲಿ ನಿಮ್ಮ ಕಣ್ಣೆದುರೇ ಕೂತು ಓದಬೇಕಂತೆ. ಹೆಡ್‌ಮೇಷ್ಟ್ರಿಗೂ ಹಾಗೆಯೇ ಹೇಳಿ ಬಂದಿದ್ದೀರಂತೆ. ಕೇಳಿ ನನಗೆ ಸಿಟ್ಟು ಬರಲಿಲ್ಲ. ಹೇಸಿಗೆ ಆಯಿತು. ಸಿಟ್ಟಾದರೆ ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತದೆ, ಇದು ಮೈಗೆ ಅಂಟಿಕೊಂಡು ಕೂತಿದೆ.

ಹೇಸಿಗೆ ನಿಮ್ಮೊಬ್ಬರ ಮೇಲೆ ಮಾತ್ರ ಎಂದುಕೊಳ್ಳಬೇಡಿ, ಆ ಮನೆಯ ಮೇಲೆಯೇ. ಪರೀಕ್ಷೆ ಹತ್ತಿರ ಬಂದಂತೆ ಅದು ಏನಾಗಿತ್ತು ಎಂದು ನೆನಪಿದೆಯೇ? ಬೆಳಿಗ್ಗೆ ಎದ್ದರೆ ನೀವು ಉಪ್ಪುನೀರು ಗಳಗಳ ಮಾಡಿ ಪಾತ್ರೆ ತೊಳೆಯುವ ಸಿಂಕಿಗೇ ಉಗುಳುತ್ತಿದ್ದಿರಿ. ದನಿ ಚೊಕ್ಕಟವಾಗಿರಬೇಕಲ್ಲ, ಪಾಠ ರೆಕಾರ್ಡ್ ಮಾಡಬೇಕಲ್ಲ! ಜಗಿದು ಬಿಟ್ಟ ಜ್ಯೇಷ್ಠಮಧುವಿನ ನಾರು ಮೇಜಿನ ಮೇಲೆ, ಟೀವಿಯ ಮೇಲೆ, ಒಮ್ಮೆ ಅವಳ ಗಣಿತದ ಪುಸ್ತಕದ ನಡುವೆ. ಅವಳು ಎರಡು ಬೆರಳಲ್ಲಿ ಎತ್ತಿ ಕಿಟಕಿಯಿಂದ ಆಚೆ ಎಸೆದಳು. ಆ ಪುಟ ಕೊನೆಯವರೆಗೂ ಅಂಟಂಟಾಗಿಯೇ ಇತ್ತು.

ನನ್ನ ಹೊಲಿಗೆ ಯಂತ್ರ ಸದ್ದು ಮಾಡುತ್ತದೆ ಎಂದು ಬಾಲ್ಕನಿಗೆ ಹಾಕಿದಿರಿ. ಬಿಸಿಲಲ್ಲಿ ಕೂತು ಊರವರ ಪ್ಯಾಂಟುಗಳ ಕಾಲು ಮಡಚಿ ಹೊಲಿದೆ. ಕುಕ್ಕರ್ ಕೂಗಬಾರದು, ಮಿಕ್ಸಿ ತಿರುಗಬಾರದು, ನಾವಿಬ್ಬರು ನಗಬಾರದು. ಇಷ್ಟೆಲ್ಲ ಬಾಯಿ ಮುಚ್ಚಿಸಿ ಆ ಖಾಲಿ ಜಾಗದಲ್ಲಿ ನೀವು ತುಂಬಿದ್ದು ನಿಮ್ಮ ದನಿ. ಹಲ್ಲುಜ್ಜುವಾಗ ಇತಿಹಾಸ, ಜಡೆ ಹಾಕುವಾಗ ಜೀವಶಾಸ್ತ್ರ, ಸ್ನಾನದ ಮನೆಯ ಬಾಗಿಲಿಗೆ ನೇತುಹಾಕಿದ ಸ್ಪೀಕರಿನಲ್ಲಿ ವ್ಯಾಕರಣ. ಪ್ರತಿ ಪಾಠಕ್ಕೂ ಮುಂಚೆ ಆ ಟಿಂಗ್-ಟಾಂಗ್. ಯಾವುದನ್ನೂ ಮೂರು ಸಲಕ್ಕೆ ಕಡಿಮೆ ಹೇಳುವವರಲ್ಲ ನೀವು, ಅನೌನ್ಸರ್ ಸಾಹೇಬರು. ಎದುರುಮನೆಯ ಟ್ಯೂಷನ್ ಮೇಡಂ ಬಂದು ನಮ್ಮ ಹುಡುಗನಿಗೂ ಒಂದು ಕಾಪಿ ಕೊಡಿ ಅಂದಾಗ ನಾನೂ ಹಲ್ಲುಕಿರಿದು, ಅಯ್ಯೋ ನಮ್ಮ ಮನೆಯವರು ಮಗಳಿಗೋಸ್ಕರ ಎಷ್ಟು ಒದ್ದಾಡ್ತಾರೆ ಗೊತ್ತಾ ಅಂದೆ. ಅದನ್ನು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯ.

ನಿಮಗೂ ಭಯವಿತ್ತು ಎಂದು ನನಗೆ ಗೊತ್ತು. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಬಿಟ್ಟು ಪಾಠ ಓದುತ್ತಿದ್ದಿರಿ. ನನಗೆ ಕಲಿಯಲಾಗಲಿಲ್ಲ, ಅವಳಾದರೂ ಕಲೀಲಿ ಕಣೇ ಅಂದಿರಿ ಒಂದು ದಿನ, ಕಣ್ಣು ತುಂಬಿತ್ತು. ಅವತ್ತು ನಿಮ್ಮ ತಲೆ ಸವರಿದ್ದು ಇದೇ ಕೈ.

ಆದರೆ ಒಂದು ಸಂಜೆ ನೀವು ಬಚ್ಚಲಿನಿಂದ ಟವೆಲ್ ಕೊಡೇ ಟವೆಲ್ ಕೊಡೇ ಎಂದು ಕೂಗಿದ್ದು ನೆನಪಿದೆಯೇ? ನಾನೂ ಅವಳೂ ಅಡುಗೆಮನೆಯಲ್ಲೇ ಇದ್ದೆವು, ಒಬ್ಬರೂ ಏಳಲಿಲ್ಲ. ನೀವು ನೀರು ಸುರಿಸುತ್ತ ಬಂದು ಕೊಬ್ಬು ಜಾಸ್ತಿಯಾಯ್ತು ಇಬ್ಬರಿಗೂ ಅಂದಿರಿ. ಕೊಬ್ಬಲ್ಲ. ನಮಗೆ ಕೇಳಿಸಿರಲೇ ಇಲ್ಲ. ಮೊದಮೊದಲು ಆ ದನಿಗೆ ತಲೆ ಸಿಡಿಯುತ್ತಿತ್ತು, ಆಮೇಲಾಮೇಲೆ ಏನೂ ಆಗುತ್ತಿರಲಿಲ್ಲ. ಗಂಟೆ ಹೊಡೆದರೆ ಸಾಕು, ಕಿವಿ ತಾನಾಗಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಅವತ್ತೇ ನಾನು ನಿಮ್ಮನ್ನು ಕೂರಿಸಿ ಹೇಳಬೇಕಿತ್ತು. ನೀವು ಒದ್ದೆ ತಲೆಯಲ್ಲೇ ರೆಕಾರ್ಡರಿನ ಮುಂದೆ ಕೂತಿರಿ, ನಾನು ನೆಲ ಒರೆಸಿದೆ.

ಇನ್ನು ಪರೀಕ್ಷೆಯ ದಿನ. ಬೆಳಗಿನ ಪಾಳಿಯನ್ನು ಬೇಡಿ ಹಾಕಿಸಿಕೊಂಡಿರಿ. ನಿನ್ನ ರೈಲು ನನ್ನ ಬಾಯಿಂದಲೇ ಹೊರಡಬೇಕು ಮಗಳೇ ಅಂದಿರಿ. ಅವಳ ಜೊತೆ ನಾನು ಹೋಗುತ್ತೇನೆ ಅಂದದ್ದಕ್ಕೆ, ತಾಯಂದಿರು ಹಿಂದೆ ಬಂದರೆ ಮಕ್ಕಳು ಮೆತ್ತಗಾಗುತ್ತಾರೆ, ನೀನು ತೆಪ್ಪಗೆ ಹೊಲಿದ ಪ್ಯಾಂಟು ಕೊಡೋಕೆ ಅಂಗಡಿಗೆ ಹೋಗು ಅಂದಿರಿ. ಅವಳು ಒಂದನೇ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಪುಸ್ತಕ ಹಿಡಿದು ಕೂತಳು. ರೈಲು ದಿನಾ ಬರುವುದು ಅಲ್ಲಿಗೇ. ಅವತ್ತೇ ಅದನ್ನು ಮೂರನೇ ಪ್ಲಾಟ್‌ಫಾರ್ಮಿಗೆ ಹಾಕಬೇಕೇ! ನೀವು ಅದನ್ನು ಮೈಕಿನಲ್ಲಿ ಹೇಳಿದಿರಿ. ಮೂರು ಸಲ, ಬಿಡಿಸಿ ಬಿಡಿಸಿ, ಸ್ಪಷ್ಟವಾಗಿ ಹೇಳಿದ್ದಿರಂತೆ. ನಿಮ್ಮ ಜೊತೆಯವರೆಲ್ಲ ಸಾಕ್ಷಿ ಹೇಳುತ್ತಾರೆ, ನಾನು ಇಲ್ಲ ಅನ್ನುವುದಿಲ್ಲ. ಮೂರರಿಂದ ರೈಲು ಹೊರಟಾಗ ಅವಳು ತಲೆಯೆತ್ತಿ ನೋಡಿದಳು, ಅದ್ಯಾವುದೋ ಬೇರೆ ರೈಲು ಎಂದುಕೊಂಡು ಮತ್ತೆ ಓದತೊಡಗಿದಳು. ಮುಂದಿನ ರೈಲು ಹಿಡಿದು ಹೋಗುವಷ್ಟರಲ್ಲಿ ಪರೀಕ್ಷಾ ಕೇಂದ್ರದ ಗೇಟು ಹಾಕಿತ್ತು. ಕೈಮುಗಿದರೂ ತೆಗೆಯಲಿಲ್ಲ.

ಸಂಜೆ ನೀವು ಅವಳನ್ನು ನಡುಮನೆಯಲ್ಲಿ ನಿಲ್ಲಿಸಿ ಮಾತಾಡಿದ್ದನ್ನು ಇಲ್ಲಿ ಬರೆಯಲಾರೆ, ನಾಲಿಗೆ ಹೊಲಸಾಗುತ್ತದೆ. ಊರಿಗೆಲ್ಲ ಕೇಳಿಸಿದ್ದು ನಿನಗೆ ಕೇಳಿಸಲಿಲ್ವಾ ಅಂದಿರಿ. ಪಕ್ಕದಲ್ಲಿ ಹೇಳೋರು ಒಬ್ಬರೂ ಇರಲಿಲ್ವಾ ಅಂದಿರಿ. ಯಾರೂ ಇರಲಿಲ್ಲಪ್ಪ ಅಂದಳು. ಹಾಗಾದರೆ ಬೇಕಂತಲೇ ಕೂತಿದ್ದೀಯ ಎಂದು ತೀರ್ಪು ಕೊಟ್ಟಿರಿ. ನಿಮ್ಮ ಮಗಳ ಒಂದು ವರ್ಷಕ್ಕಿಂತ ನಿಮ್ಮ ದನಿಗೆ ಆದ ಅವಮಾನ ನಿಮಗೆ ದೊಡ್ಡದಾಯಿತು. ಅವಳು ನೆಲ ನೋಡುತ್ತ ನಿಂತಿದ್ದಳು. ಕುಳ್ಳಿ ಎಂದು ಹೆಸರಿಟ್ಟವರು ನೀವು. ಈಗ ನಿಮಗಿಂತ ಎತ್ತರ ಬೆಳೆದಿದ್ದಾಳೆ, ಆದರೂ ಅವತ್ತು ನಿಮ್ಮ ಮೊಣಕಾಲಿನಷ್ಟಾಗಿದ್ದಳು.

ಮದುವೆಗೆ ಮುಂಚೆ ನಿಮ್ಮ ದನಿ ಕೇಳಲೆಂದೇ ನಾನು ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು ಅದೇ ಬೆಂಚಿನಲ್ಲಿ ಕೂರುತ್ತಿದ್ದೆ. ಎಲ್ಲಿಗೂ ಹೋಗಬೇಕಿರಲಿಲ್ಲ. ಗೆಳತಿಯರು ನಗಾಡುತ್ತಿದ್ದರು. ರೈಲು ತಡವಾಗಿ ಬರುತ್ತದೆ ಎಂದು ನೀವು ಹೇಳಿದರೂ ನನಗೆ ಖುಷಿ, ಇನ್ನೊಮ್ಮೆ ಹೇಳುತ್ತಾರಲ್ಲ ಎಂದು. ಆ ದನಿಯನ್ನು ನೀವೇ ಕೈಯಾರೆ ಹಾಳು ಮಾಡಿಬಿಟ್ಟಿರಿ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ.

ನಾಳೆಯೇ ಶಾಲೆಗೆ ಹೋಗಿ, ಮರುಪರೀಕ್ಷೆ ಬರೆಯುತ್ತಾಳೆ ಎಂದು ಹೆಡ್‌ಮೇಷ್ಟ್ರಿಗೆ ಹೇಳಿ. ಅವಳು ಇಲ್ಲಿಂದಲೇ ಹೋಗಿ ಬರೆಯುತ್ತಾಳೆ, ಬಸ್ಸಿನಲ್ಲಿ. ಇಲ್ಲಿ ಅಕ್ಕನ ಮೊಮ್ಮಗು ಇಡೀ ದಿನ ರಚ್ಚೆ ಹಿಡಿಯುತ್ತದೆ, ಮಿಕ್ಸಿ ತಿರುಗುತ್ತದೆ, ಅದರ ನಡುವೆ ಕಾಲು ಚಾಚಿ ಕೂತು ಓದುತ್ತಾಳೆ. ಓದಿದ್ದು ತಲೆಗೆ ಹತ್ತುತ್ತಿದೆಯಂತೆ. ಒಪ್ಪಿಕೋ ಎಂದು ಅವಳನ್ನು ಕೇಳಬೇಡಿ. ಮಾಡದ್ದನ್ನು ಮಾಡಿದೆ ಎಂದು ನನ್ನ ಮಗಳ ಬಾಯಲ್ಲಿ ಹೇಳಿಸಲು ನಾನು ಬಿಡುವುದಿಲ್ಲ. ರೆಕಾರ್ಡರ್ ವಾಪಸ್ ಕಳಿಸುತ್ತಿದ್ದೇನೆ.

ಇಷ್ಟೇ ಹೇಳಬೇಕಾಗಿದ್ದದ್ದು,
ಕುಳ್ಳಿಯ ಅಮ್ಮ

ಕವರು ಅಂಟಿಸುವ ಮುಂಚೆ ಇನ್ನೊಂದು ಮಾತು: ಇದನ್ನು ಬರೆಯಬೇಡ ಎಂದು ಕುಳ್ಳಿ ಬೇಡಿಕೊಂಡಳು, ಅಪ್ಪ ನಿನ್ನನ್ನು ಸುಮ್ಮನೆ ಬಿಡಲ್ಲಮ್ಮ ಅಂದಳು. ಪಕ್ಕದಲ್ಲಿ ಯಾರೂ ಇರಲಿಲ್ಲ ಎಂದು ಅವಳು ಹೇಳಿದ್ದು ಸುಳ್ಳು. ಅವತ್ತು ನಾನು ಅಂಗಡಿಗೆ ಹೋಗಿರಲಿಲ್ಲ. ಅದೇ ಬೆಂಚಿನಲ್ಲಿ ಅವಳ ಪಕ್ಕ ಕೂತು ಪುಸ್ತಕದಿಂದ ಪ್ರಶ್ನೆ ಕೇಳುತ್ತಿದ್ದೆ. ಅಮ್ಮ, ಅದು ನಮ್ಮ ರೈಲಲ್ಲ ತಾನೇ ಎಂದು ಅವಳು ಕೇಳಿದಾಗ, ಅಲ್ಲ ಕಣೇ, ನಮ್ಮದು ಇಲ್ಲಿಗೇ ಬರುತ್ತೆ, ನೀನು ಓದ್ಕೋ ಅಂದವಳು ನಾನು. ನೀವು ಮೂರು ಸಲ ಹೇಳಿದ್ದಿರಂತೆ. ನನಗೆ ಒಂದು ಸಲವೂ ಕೇಳಿಸಲಿಲ್ಲ.