ಮೀಟರಿನ ಗಾಜಿಗೆ ಬಳಿದ ವಿಭೂತಿ

ರೀ,

ಫಸ್ಟ್ ಶಿಫ್ಟಿಗೆ ಹೊರಟಿದ್ದೇನೆ. ಎಬ್ಬಿಸಿದ್ದರೆ ಜಗಳವಾಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ರೊಟ್ಟಿ, ಬದನೆಕಾಯಿ ಪಲ್ಯ ಡಬ್ಬಿಯಲ್ಲಿದೆ.

ಪಿಕಪ್ಪಿಗೆ ಜನರೇಟರ್ ಕಟ್ಟಿಕೊಂಡು ಜಿಗಣಿಯ ಮದುವೆಮನೆಗೆ ಎಳೆಯುವಾಗ ರಸ್ತೆಯನ್ನಷ್ಟೇ ನೋಡಬೇಡಿ, ಗೇರ್ ಆಯಿಲಿನ ಹೊಸ ಮೀಟರನ್ನೂ ನೋಡಿ. ಹರಾಜಿನಲ್ಲಿ ತಂದ ಫಾರಿನ್ ಗಾಡಿ ಅದು, ಕ್ಲಚ್ಚಿಲ್ಲ, ಗೇರ್ ತಾನೇ ಬದಲಾಯಿಸಿಕೊಳ್ಳುತ್ತದೆ. ಆಯಿಲ್ ಕಾದರೆ ಹೇಳುವುದು ಆ ಮುಳ್ಳೊಂದೇ. ಹೋದ ಸಲ ಏರಿನಲ್ಲಿ ಆಯಿಲ್ ಕಾದು, ಗೇರ್ ಹಿಡಿಯದೆ ಜನರೇಟರ್ ಸಮೇತ ಹಿಂದಕ್ಕೆ ಜಾರಿದೆವು. ಸೈಕಲ್ಲಿನವನು ಮೋರಿಗೆ ಹಾರಿ ಉಳಿದುಕೊಂಡ. ಅವನು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ನೀವು ಮಾತ್ರ "ಏನೂ ಆಗಲ್ಲ ಬಿಡು" ಅಂದಿರಿ.

ಮುಳ್ಳು ಕೆಂಪು ಗೆರೆಯ ಹತ್ತಿರ ಬಂದರೆ ಗಾಡಿ ಪಕ್ಕಕ್ಕೆ ಹಾಕಿ. ಚಕ್ರಕ್ಕೆ ಕಲ್ಲು ಕೊಡಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುತ್ತಿರಲಿ, ಮುಳ್ಳು ಇಳಿಯುವವರೆಗೆ ಹೊರಡಬೇಡಿ. ಮದುವೆಮನೆಯವರು ಬೇಕಾದರೆ ಕತ್ತಲಲ್ಲಿ ಕೂರಲಿ.

ಈಗ ಟಾರ್ಚ್ ಹಿಡಿದು ಗಾಡಿಯೊಳಗೆ ಇಣುಕಿದೆ. ಆಯುಧಪೂಜೆಯಲ್ಲಿ ನೀವು ಆ ಮೀಟರಿನ ಗಾಜಿಗೇ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಿದ್ದೀರಿ. ಮುಳ್ಳೂ ಕಾಣದು, ಗೆರೆಯೂ ಕಾಣದು. "ದಿನಾ ನೋಡ್ತಾನೇ ಇದೀನಲ್ಲೇ" ಅಂದಿರಲ್ಲ, ಏನನ್ನು ನೋಡುತ್ತಿದ್ದಿರಿ?

ಸೆರಗು ಒದ್ದೆ ಮಾಡಿ ಒರೆಸಿದ್ದೇನೆ. ಶಿವ ಸಿಟ್ಟಾದರೆ ನನ್ನ ಮೇಲಾಗಲಿ. ಜಿಗಣಿ ಮುಟ್ಟಿದ ಕೂಡಲೇ ನಮ್ಮ ಫ್ಯಾಕ್ಟರಿ ಗೇಟಿಗೆ ಫೋನ್ ಮಾಡಿ, ಸೆಕ್ಯುರಿಟಿಯವರಿಗೆ ಹೇಳಿಟ್ಟಿರುತ್ತೇನೆ.

ವಿಭೂತಿ ಗಟ್ಟಿಯನ್ನು ಈ ಚೀಟಿಯ ಮೇಲೇ ಇಟ್ಟಿದ್ದೇನೆ. ನಿಮ್ಮ ಹಣೆಗೆ ಹಚ್ಚಿಕೊಂಡು ಹೋಗಿ. ಅಲ್ಲಾದರೆ ಅದು ಏನನ್ನೂ ಮುಚ್ಚುವುದಿಲ್ಲ.

ಹೇಮಲತಾ