ನೀರಿಳಿದ ಹಿತ್ತಲು

ಗೋಕಾಕ
೧೦ ಜೂನ್ ೨೦೦೩

ಮಸಗುಪ್ಪಿಯ ಸೊಸೆಯಾದ ಮೇಲೆ ಅಕ್ಷರ ಮರೆತ ನನ್ನ ವಿಜೀಗೆ,

ಆರತಿಯ ಮಂಗಳಾರತಿ. ಹಿಂದಿನ ಎರಡು ಪತ್ರಕ್ಕೂ ಉತ್ತರವಿಲ್ಲ. ಕುರಿ ತಿಂದವೋ, ಗಂಡ ತಿಂದನೋ? ಇರಲಿ. ಇದನ್ನು ಮಾತ್ರ ಒಬ್ಬಳೇ ಕೂತು ಓದು.

ಈ ಬೇಸಿಗೆಯಲ್ಲಿ ಆಣೆಕಟ್ಟಿನ ನೀರು ತಳ ಕಂಡು, ಹುಕ್ಕೇರಿ ಕಡೆಯ ನಮ್ಮ ಹಳೇ ಊರು ಮತ್ತೆ ಎದ್ದು ಕೂತಿತು. ನಾವು ಕೂಸುಗಳಿದ್ದಾಗ ಊರು ಹೋಗಿ ನೀರಾಗಿತ್ತು. ಈಗ ನೀರು ಹೋಗಿ ಊರಾಯಿತು. ಅಂದು ಪರಿಹಾರವೇನೋ ಬಂತು, ಕಷ್ಟ ಪರಿಹಾರವಾಗಲಿಲ್ಲ ಎಂದು ಕಾಲೇಜಿನಲ್ಲಿ ಹುಡುಗರನ್ನು ನಗಿಸುತ್ತಿದ್ದವಳು ನಾನು. ಹೊಸ ಊರಿನವರೆಲ್ಲ ಬುತ್ತಿ ಕಟ್ಟಿಕೊಂಡು ನೋಡಲು ಹೊರಟರೆಂದು ಅವ್ವನ ಜೊತೆ ನಾನೂ ಹೋದೆ.

ಗೋಡೆಯಿಲ್ಲ, ಸೂರಿಲ್ಲ. ಅಡಿಪಾಯದ ಕಲ್ಲು, ನೆಲದಲ್ಲಿ ಹುಗಿದ ಒಳಕಲ್ಲು, ಅಷ್ಟೇ. ಹೆಂಗಸರು ಒಳಕಲ್ಲಿನ ಕುಳಿಯಲ್ಲಿ ಕೈಯಾಡಿಸಿ, ಸವೆದ ಬದಿ ನೋಡಿ, ಇದು ನಮ್ಮನೆ ಎಂದು ಗುರುತು ಹಿಡಿದರು. ಆಮೇಲಿನ ನಾಟಕ ಕೇಳು: ಇಲ್ಲದ ಬಾಗಿಲಲ್ಲಿ ಎಲ್ಲರೂ ತಲೆ ಬಗ್ಗಿಸಿಯೇ ಒಳಗೆ ಹೋಗುತ್ತಾರೆ! ನಾನು ಅಡ್ಡ ಹಾಯ್ದು ನಿಮ್ಮ ಪಡಸಾಲೆಗೆ ಕಾಲಿಟ್ಟೆ. ನಿಮ್ಮವ್ವ ಸತ್ತೆವ್ವ ಕಾಕು, "ಗ್ವಾಡಿ ಹಾಯ್ದ ಬಂದೇನವಾ? ಇಷ್ಟ ಕಲತಿ, ಬಾಗಲಾ ಕಾಣಂಗಿಲ್ಲೇನ?" ಎಂದು ಬೈದಳು. ನಾನು ನಕ್ಕೆ. ಅವಳು ನಗಲಿಲ್ಲ. ಹಿತ್ತಲಿಗೆ ಹೋಗಿ ಖುರ್ಪಿಯಿಂದ ನೆಲ ಕೆದರತೊಡಗಿದಳು.

ವಿಜೀ, ನಿನಗೊಬ್ಬ ತಮ್ಮನಿದ್ದ.

ಊರು ಬಿಡುವ ವಾರ ಜ್ವರ ಬಂದು ಹೋದನಂತೆ, ಹೆಸರಿಡುವ ಮೊದಲೇ. ಮಣ್ಣಿಗೆ ಒಯ್ಯುವ ಹಾದಿ ಆಗಲೇ ನೀರಲ್ಲಿತ್ತು. ನಿಮ್ಮಪ್ಪ ಸತ್ಯಪ್ಪ ಕಾಕಾ ಹಿತ್ತಲ ಬೇವಿನ ಬುಡದಲ್ಲೇ ಕುಣಿ ತೋಡಿದ. ಬಾಜೂ ಮನೆಯ ನನ್ನವ್ವ ಸುತ್ತಲು ಹೊಸ ಅರಿವೆ ಕೊಟ್ಟಳು. ಈಗ ಕಾಕಾ ಹೊಸ ಊರಿನ ಮಣ್ಣಿನಲ್ಲಿದ್ದಾನೆ. "ಕೂಸಿನ್ನ ಅವರಪ್ಪನ ಬಾಜೂಕ ಮಲಗಸ್ತೇನಿ. ನೀರಾಗ ಒಬ್ಬನ್ನ ಬಿಟ್ಟ ಹೆಂಗ ಹೋಗಲಿ?" ಎಂದಳು ಕಾಕು.

ಒಳಕಲ್ಲು ಸಿಕ್ಕಿತ್ತು, ಬೇವು ಇರಲಿಲ್ಲ. ಹಿತ್ತಲ ತುಂಬ ಮೊಣಕಾಲುದ್ದ ಹೂಳು. ದಿನವೂ ಬಂದು ಅಗೆದಳು. ನಾವೂ ಅಗೆದೆವು. ಕೊನೆಗೆ ಸಂಕೇಶ್ವರದ ಆಚೆ ಮೋಡ ಕಟ್ಟಿ ಮಳೆ ಸುರಿದು, ಹಿನ್ನೀರು ಊರ ಅಗಸೆಬಾಗಿಲ ಕಲ್ಲು ಮುಟ್ಟಿತು. ಜನ ಬುತ್ತಿ ಬಿಚ್ಚದೆ ಎದ್ದರು. ಕಾಕು ಏಳಲಿಲ್ಲ. "ನೀವ ನಡೀರಿ ಅಕ್ಕಾರ, ನಾ ಇಲ್ಲೇ ಇರತೇನಿ," ಎಂದು ಒಳಕಲ್ಲು ತಬ್ಬಿ ಕೂತಳು. ಎಳೆದರೂ ಬಿಡಲಿಲ್ಲ.

ಮಣ್ಣೊಳಗಿನ ಜೀವಕ್ಕೆ ನೋವಾದೀತೆಂದು ಜನ್ಮದಲ್ಲಿ ಬಟಾಟಿ, ಗಜ್ಜರಿ ಮುಟ್ಟದ ನನ್ನವ್ವ ಗುದ್ದಲಿ ತಗೊಂಡಳು. "ಹೋಗ, ಕೈ ತೊಳಕೊಂಡ ಬಾ. ಅದ ಕೆಸರ ಕೈಲೇ ಕೂಸಿನ್ನ ಮುಟ್ಟತಿ?" ಎಂದು ಕಾಕುವನ್ನು ನೀರಿನ ಕಡೆ ಕಳಿಸಿದಳು. ಅವಳು ಬರುವಷ್ಟರಲ್ಲಿ, "ಸತ್ತೆವ್ವಾ, ಸಿಕ್ಕಾನ ಬಾ," ಎಂದು ಕೂಗಿ, ತನ್ನ ಸೆರಗು ಹರಿದು ಕಟ್ಟಿದ ಗಂಟನ್ನು ಅವಳ ಉಡಿಯಲ್ಲಿಟ್ಟಳು. "ಬಿಚ್ಚಬ್ಯಾಡ. ಗಾಳಿ ತಾಗತೈತಿ."

ಕಾಕು ಹೊರಟಳು. ಬಸ್ಸಿನಲ್ಲಿ ಗಂಟಿಗೆ ಸೆರಗು ಹೊದಿಸಿ, ಕಿಟಕಿಗೆ ಬೆನ್ನು ಮಾಡಿ ಕೂತಳು.

ಬರುವ ಸೋಮವಾರ ಮಣ್ಣು. ನೀನೇ ಎತ್ತಿಕೊಂಡು ಹೋಗಬೇಕಂತೆ. ಆಗ ತಮ್ಮನನ್ನು ಎತ್ತುತ್ತೇನೆಂದು ನೀನು ಅತ್ತರೂ, ಕೆಡವೀಯೆಂದು ಒಮ್ಮೆಯೂ ಕೊಟ್ಟಿರಲಿಲ್ಲವಂತೆ. ಉತ್ತರ ಬರೆಯದಿದ್ದರೆ ಬಿಡು, ಬಂದುಬಿಡು.

ನಿನ್ನ ಬಾಜೂ ಮನೆಯ,
ಆರತಿ

ತಾ.ಕ.: ನಾನು ಅವ್ವನ ಪಕ್ಕದಲ್ಲೇ ನಿಂತಿದ್ದೆ. ಗಂಟಿನಲ್ಲಿರುವುದು ಬರೀ ಹೂಳು, ಒಂದಿಷ್ಟು ಕಪ್ಪೆಚಿಪ್ಪು. ಅಂದಿನಿಂದ ಅವ್ವ ಒಂದೇ ಹೊತ್ತು ಉಣ್ಣುತ್ತಿದ್ದಾಳೆ. ಯಾಕೆಂದು ಯಾರಿಗೂ ಹೇಳಿಲ್ಲ. ನೀನು ಎರಡೂ ಕೈಯಲ್ಲಿ ಎತ್ತಿಕೋ. ನಿಮ್ಮವ್ವ ನೋಡುತ್ತಿರುತ್ತಾಳೆ. ಹಗುರ ಐತಿ ಅನ್ನಬ್ಯಾಡ.